ಸರ್ಕಾರ ಕಟ್ಟುವಾಗ ಮೊದಲು ಬೇಕಾದದ್ದು ಸಂಬಳದ ಪಟ್ಟಿ

2025ರ ಮೇ ತಿಂಗಳಲ್ಲಿ, ಹಳೇ ಆಡಳಿತ ಬಿದ್ದು ಐದು ತಿಂಗಳಾಗಿದ್ದ ಸಿರಿಯಾಕ್ಕೆ ಎರಡು ಸಹಾಯ ಬಂದವು. ಎರಡೂ ಸಣ್ಣವು. ಸಿರಿಯಾ ವಿಶ್ವಬ್ಯಾಂಕಿಗೆ ಉಳಿಸಿಕೊಂಡಿದ್ದ ಸುಮಾರು 1.55 ಕೋಟಿ ಡಾಲರ್ ಹಳೇ ಬಾಕಿಯನ್ನು ಸೌದಿ ಅರೇಬಿಯಾ ಮತ್ತು ಕತಾರ್ ಸೇರಿ ತೀರಿಸಿದವು. ಕತಾರ್ ಇನ್ನೊಂದು ಮಾತು ಕೊಟ್ಟಿತು: ಸರ್ಕಾರಿ ನೌಕರರ ಸಂಬಳಕ್ಕೆ ತಿಂಗಳಿಗೆ 2.9 ಕೋಟಿ ಡಾಲರ್, ಸದ್ಯಕ್ಕೆ ಮೂರು ತಿಂಗಳು.

ಸಣ್ಣವು ಅಂದದ್ದು ಯಾಕೆ ಅಂದರೆ, ಯುದ್ಧದಲ್ಲಿ ಹಾಳಾದದ್ದನ್ನು ಮತ್ತೆ ಕಟ್ಟಲು ಸಿರಿಯಾಕ್ಕೆ ಸುಮಾರು 21,600 ಕೋಟಿ ಡಾಲರ್ ಬೇಕು ಎಂದು ಅದೇ ವಿಶ್ವಬ್ಯಾಂಕು ಅಕ್ಟೋಬರಿನಲ್ಲಿ ಲೆಕ್ಕ ಹಾಕಿತು. ಅದರ ಮುಂದೆ ಇದು ಕಡ್ಲೆಪುರಿ ಕಾಸು. ಆದರೂ ಸುದ್ದಿ ಓದಿದಾಗ ನನ್ನ ಕಣ್ಣು ನಿಂತದ್ದು ಈ ಸಂಬಳದ ದುಡ್ಡಿನ ಮೇಲೆಯೇ.

ಅದಕ್ಕೆ ಕಾರಣ ನಮ್ಮ ಮನೆಯದು. ನಮ್ಮ ತಂದೆ ತೀರಿಕೊಂಡ ಮೇಲೆ ಮಂಡ್ಯ ಕಡೆ ಇರುವ ಒಂದು ಎಕರೆ ಚಿಲ್ಲರೆ ಜಮೀನಿಗೆ ಪೌತಿ ಖಾತೆ ಮಾಡಿಸಲು ಅಲೆದಾಡಿದೆ. ಅರ್ಜಿ ಸರಿಯಿತ್ತು. ವಂಶವೃಕ್ಷ ಸರಿಯಿತ್ತು. ಆದರೆ ಫೈಲು ನೋಡುತ್ತಿದ್ದ ಕೇಸ್ ವರ್ಕರ್ ವರ್ಗವಾಗಿ ಹೋಗಿದ್ದರು. ಹೊಸದಾಗಿ ಬಂದವರಿಗೆ ಅದು ಯಾವ ಬೀರುವಿನಲ್ಲಿದೆ ಅಂತಲೇ ಗೊತ್ತಿಲ್ಲ. ಎರಡೂವರೆ ತಿಂಗಳು ಹೀಗೇ ಹೋಯಿತು. ಕೊನೆಗೆ ನಿವೃತ್ತಿ ಹತ್ತಿರವಿದ್ದ ಅಟೆಂಡರ್ ಒಬ್ಬರು, ‘ಕಿಟಕಿ ಪಕ್ಕದ ರ್ಯಾಕಲ್ಲಿ ಕೆಂಪು ಬಟ್ಟೆ ಕಟ್ಟಿದೆಯಲ್ಲ, ಅದ್ರಲ್ಲಿ ನೋಡಿ ಸಾರ್’ ಅಂದರು. ಅದರಲ್ಲೇ ಇತ್ತು. ಕಚೇರಿಗೆ ಕಟ್ಟಡ ಇತ್ತು, ಕಂಪ್ಯೂಟರ್ ಇತ್ತು, ಕಾನೂನೂ ಇತ್ತು. ಆದರೆ ನನ್ನ ಮಟ್ಟಿಗೆ ಆ ಎರಡೂವರೆ ತಿಂಗಳು ಸರ್ಕಾರ ಅನ್ನುವುದು ಇರಲಿಲ್ಲ.

ಯುದ್ಧ ಮುಗಿದ ದೇಶದಲ್ಲಿ ಇದೇ ಕಥೆ ಪ್ರತಿ ಕಚೇರಿಯಲ್ಲೂ ನಡೆಯುತ್ತದೆ. ಜನನ ಪತ್ರ ಬರೆಯುವವನು ಓಡಿಹೋಗಿರುತ್ತಾನೆ. ನೀರಿನ ಪಂಪು ನಡೆಸುವವನಿಗೆ ಸಂಬಳ ಬಂದಿರುವುದಿಲ್ಲ. ಕೋರ್ಟಿನ ಗುಮಾಸ್ತ ಸೋತ ಪಕ್ಷದವನು ಅಂತ ಮನೆಯಲ್ಲಿ ಕೂತಿರುತ್ತಾನೆ. ಹೊರದೇಶಗಳು ಆಗ ದುಡ್ಡು ಹಿಡಿದುಕೊಂಡು ಬರುತ್ತವೆ. ಆ ದುಡ್ಡನ್ನು ಯಾರ ಕೈಗೆ ಕೊಡುತ್ತವೆ ಅನ್ನುವುದರ ಮೇಲೆ ಮುಂದಿನ ಇಪ್ಪತ್ತು ವರ್ಷ ನಿಂತಿರುತ್ತದೆ ಎಂಬುದು ನನ್ನ ಅನಿಸಿಕೆ.

ಇದಕ್ಕೆ ಹಳೆಯ ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು 1799ರ ಮೇ 4ರಂದು. ಟಿಪ್ಪು ಸುಲ್ತಾನ್ ಸತ್ತ, ಈಸ್ಟ್ ಇಂಡಿಯಾ ಕಂಪನಿ ಗೆದ್ದಿತು. ಜೂನ್ 30ಕ್ಕೆ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆ ಮೇಲೆ ಕೂರಿಸಿದರು. ಇಷ್ಟು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ನನಗೆ ಕುತೂಹಲ ಅನಿಸುವುದು ಅದರ ಮುಂದಿನದು. ರಾಜ್ಯಭಾರ ನಡೆಸಲು ಕಂಪನಿಯವರು ದಿವಾನರನ್ನಾಗಿ ಯಾರನ್ನು ಆರಿಸಿದರು? ಹೈದರನ ಕಾಲದಿಂದ ಲೆಕ್ಕಪತ್ರ ನೋಡಿಕೊಂಡು ಬಂದ, ಟಿಪ್ಪುವಿನ ಮಂತ್ರಿಯೇ ಆಗಿದ್ದ ಪೂರ್ಣಯ್ಯನವರನ್ನು. ಸೋತ ಸರ್ಕಾರದ ಮನುಷ್ಯನನ್ನೇ! 1811ರವರೆಗೆ ಅವರು ದಿವಾನರಾಗಿದ್ದರು. ಅಮಲ್ದಾರ, ಶಾನುಭೋಗ, ಪಟೇಲ ಎಂಬ ಏಣಿಯ ಮೆಟ್ಟಿಲುಗಳು ಬಹುಮಟ್ಟಿಗೆ ಹಾಗೇ ಉಳಿದವು.

ಕಂಪನಿಯವರು ಇದನ್ನು ಪುಣ್ಯ ಬರಲಿ ಅಂತ ಮಾಡಲಿಲ್ಲ. ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಪ್ಪ ಕಟ್ಟಬೇಕಿತ್ತು. ಕಂದಾಯ ಬರಬೇಕಾದರೆ ಯಾವ ಹಳ್ಳಿಯಲ್ಲಿ ಎಷ್ಟು ಗದ್ದೆ, ಎಷ್ಟು ಬೆದ್ದಲು ಅಂತ ಬಲ್ಲವರು ಬೇಕು. ಅಂಥವರೆಲ್ಲ ಟಿಪ್ಪುವಿನ ಕಡೆಯವರೇ ಆಗಿದ್ದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿದ ಕಲ್ಲುಕಂಬದ ಸೇತುವೆ ನೋಡಿರುತ್ತೀರಿ. 1804ರಲ್ಲಿ ಅದನ್ನು ಕಟ್ಟಿಸಿದವರು ಪೂರ್ಣಯ್ಯ, ಹೆಸರು ಮಾತ್ರ ಗವರ್ನರ್ ಜನರಲ್ ವೆಲ್ಲೆಸ್ಲಿಯದು. ದುಡ್ಡು ಒಬ್ಬರದು, ಬೋರ್ಡು ಇನ್ನೊಬ್ಬರದು. ಈ ಪದ್ಧತಿ ಇವತ್ತಿಗೂ ಹೋಗಿಲ್ಲ.

ಇನ್ನೂರು ವರ್ಷ ಬಿಟ್ಟು ಇರಾಕಿಗೆ ಬನ್ನಿ. 2003ರಲ್ಲಿ ಸದ್ದಾಂ ಹುಸೇನ್ ಬಿದ್ದ. ಅಮೆರಿಕದ ಪರವಾಗಿ ಆಡಳಿತ ನೋಡಲು ಪಾಲ್ ಬ್ರೆಮರ್ ಬಂದರು. ಮೇ 16ರ ಮೊದಲ ಆದೇಶ: ಸದ್ದಾಂನ ಬಾತ್ ಪಕ್ಷದ ಮೇಲಿನ ನಾಲ್ಕು ಹಂತದಲ್ಲಿದ್ದವರಿಗೆ ಸರ್ಕಾರಿ ಕೆಲಸ ಇಲ್ಲ. ಮೇ 23ರ ಎರಡನೇ ಆದೇಶ: ಸೈನ್ಯವೇ ವಜಾ. ಒಂದೇ ವಾರದಲ್ಲಿ ಎರಡೂ ಆಯಿತು. ಸದ್ದಾಂ ಕಾಲದಲ್ಲಿ ಪಕ್ಷದ ಸದಸ್ಯತ್ವ ಇಲ್ಲದೆ ಮೇಲಿನ ಹುದ್ದೆಗೆ ಹೋಗುವುದೇ ಕಷ್ಟವಿತ್ತು. ಹಾಗಾಗಿ ಕೊಲೆಗಡುಕರ ಜೊತೆಗೆ ಸಾವಿರಾರು ಶಾಲಾ ಮೇಷ್ಟ್ರುಗಳೂ ಮನೆಗೆ ಹೋದರು. ಬಂದೂಕು ಹಿಡಿಯಲು ಗೊತ್ತಿದ್ದ ಲಕ್ಷಾಂತರ ಜನ ಸಂಬಳವಿಲ್ಲದೆ ಬೀದಿಗೆ ಬಿದ್ದರು. ಮುಂದೆ ಬಂಡಾಯದ ಗುಂಪುಗಳಿಗೆ ಆಳು ಎಲ್ಲಿಂದ ಸಿಕ್ಕಿದರು ಎಂದು ಕೇಳಿದರೆ, ಉತ್ತರದ ಒಂದು ದೊಡ್ಡ ಭಾಗ ಇಲ್ಲಿದೆ.

ಬ್ರೆಮರ್‌ಗಿಂತ ಕಂಪನಿಯವರು ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಕಂದಾಯದ ಆಸೆ ಇತ್ತು, ಆ ಆಸೆಯೇ ಶಾನುಭೋಗನನ್ನು ಉಳಿಸಿತು. ಆಮೇಲೆ ಅದೇ ಕಪ್ಪದ ಭಾರ ಮೈಸೂರನ್ನು ಹಿಂಡಿತು. 1830ರಲ್ಲಿ ಈಗಿನ ಶಿವಮೊಗ್ಗ ಕಡೆಯ ನಗರ ಸೀಮೆಯಲ್ಲಿ ರೈತರು ದಂಗೆ ಎದ್ದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಅದನ್ನು ವಾಪಸ್ ಕೊಟ್ಟದ್ದು 1881ರಲ್ಲಿ, ಐವತ್ತು ವರ್ಷದ ಮೇಲೆ. ‘ಸ್ವಲ್ಪ ದಿನ ನೋಡಿಕೊಳ್ಳುತ್ತೇವೆ’ ಅಂತ ಬಂದವರು ಬೇಗ ಹೊರಡುವುದು ಕಡಿಮೆಯೇ. ಬೋಸ್ನಿಯಾದಲ್ಲಿ ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದದ ಮೇಲೆ ನೇಮಕವಾದ ಅಂತರರಾಷ್ಟ್ರೀಯ ಪ್ರತಿನಿಧಿಯ ಹುದ್ದೆ ಮೂವತ್ತು ವರ್ಷ ಆದರೂ ಮುಗಿದಿರಲಿಲ್ಲ. 1997ರಿಂದ ಅವರಿಗೆ ಕಾನೂನು ಹೇರುವ, ಆಯ್ಕೆಯಾದವರನ್ನೂ ಕೆಳಗಿಳಿಸುವ ಅಧಿಕಾರ ಬಂತು. ಮೇಲೊಬ್ಬ ಹೆಡ್‌ಮಾಸ್ಟರ್ ಇದ್ದಾಗ ಕಷ್ಟದ ತೀರ್ಮಾನವನ್ನು ಅವರ ತಲೆಗೇ ಕಟ್ಟಿ ರಾಜಕಾರಣಿಗಳು ಹಾಯಾಗಿರುತ್ತಾರೆ.

ಈ ವಿಷಯದಲ್ಲಿ ಎಲ್ಲಕ್ಕಿಂತ ಉದ್ದದ ಕಥೆ ಅಫ್ಘಾನಿಸ್ತಾನದ್ದು. ತಾಲಿಬಾನ್ ಆಡಳಿತ ಬಿದ್ದ ಮೇಲೆ, 2001ರ ಡಿಸೆಂಬರಿನಲ್ಲಿ, ಹೊಸ ಸರ್ಕಾರಕ್ಕಾಗಿ ಜರ್ಮನಿಯ ಬಾನ್ ನಗರದಲ್ಲಿ ಒಪ್ಪಂದವಾಯಿತು. ಹಮೀದ್ ಕರ್ಜಾಯಿ ತಾತ್ಕಾಲಿಕ ಮುಖ್ಯಸ್ಥರಾದರು. ಮುಂದಿನ ತಿಂಗಳು ಟೋಕಿಯೊದಲ್ಲಿ ದೇಶಗಳೆಲ್ಲ ಸೇರಿ ಸುಮಾರು 450 ಕೋಟಿ ಡಾಲರ್ ಕೊಡುವುದಾಗಿ ಹೇಳಿದವು. ಆಮೇಲೆ ಕೆಲಸ ಹಂಚಿಕೊಂಡರು. ಸೈನ್ಯ ಅಮೆರಿಕಕ್ಕೆ. ಪೊಲೀಸ್ ಜರ್ಮನಿಗೆ. ನ್ಯಾಯಾಲಯ ಇಟಲಿಗೆ. ಅಫೀಮು ತಡೆಯುವುದು ಬ್ರಿಟನ್ನಿಗೆ. ಗುಂಪುಗಳ ಕೈಯಿಂದ ಬಂದೂಕು ಕೆಳಗಿಡಿಸುವುದು ಜಪಾನಿಗೆ. ಮದುವೆ ಮನೆಯಲ್ಲಿ ಚಪ್ಪರ ಒಬ್ಬರಿಗೆ, ಅಡುಗೆ ಒಬ್ಬರಿಗೆ ಅಂತ ವಹಿಸುತ್ತೇವಲ್ಲ, ಹಾಗೆ. ಆದರೆ ಮದುವೆ ಮನೆಯಲ್ಲಿ ಎಲ್ಲರೂ ಯಜಮಾನನನ್ನು ಒಂದು ಮಾತು ಕೇಳುತ್ತಾರೆ. ಇಲ್ಲಿ ಯಜಮಾನನಿಗೆ ಎಷ್ಟು ಖರ್ಚಾಗುತ್ತಿದೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಪೊಲೀಸರು ಕಳ್ಳನನ್ನು ಹಿಡಿದರೂ ಅವನನ್ನು ವಿಚಾರಿಸಲು ಕೋರ್ಟು ತಯಾರಿರಲಿಲ್ಲ, ಯಾಕೆಂದರೆ ಅದು ಬೇರೆ ದೇಶದ ಇಲಾಖೆ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ದುಡ್ಡಿನ ಬಹುಪಾಲು ಸರ್ಕಾರದ ಖಜಾನೆಗೆ ಹೋಗದೆ ಗುತ್ತಿಗೆ ಕಂಪನಿಗಳಿಗೆ, ಸಂಸ್ಥೆಗಳಿಗೆ ನೇರವಾಗಿ ಹೋಯಿತು. ಕೊಡುವವರ ಭಯ ನಿಜವಾದದ್ದೇ. ಖಜಾನೆಗೆ ಹಾಕಿದರೆ ಲಂಚಕ್ಕೆ ಹೋಗಬಹುದು. ಆದರೆ ಪಕ್ಕದಲ್ಲೇ ಇನ್ನೊಂದು ಕಚೇರಿ ತೆರೆದಾಗ ಏನಾಗುತ್ತದೆ ನೋಡಿ. ಇಂಗ್ಲಿಷ್ ಬಲ್ಲ, ಲೆಕ್ಕ ಬಲ್ಲ ಪ್ರತಿಯೊಬ್ಬ ಗುಮಾಸ್ತನೂ ಅಲ್ಲಿಗೆ ಹೋಗುತ್ತಾನೆ. ಕಾಬೂಲಿನಲ್ಲಿ ವಿದೇಶಿ ಸಂಸ್ಥೆಯ ಡ್ರೈವರ್‌ಗೆ, ಅನುವಾದಕನಿಗೆ ಸರ್ಕಾರಿ ಅಧಿಕಾರಿಗಿಂತ ಎಷ್ಟೋ ಪಟ್ಟು ಜಾಸ್ತಿ ಸಂಬಳ. ಸರ್ಕಾರ ಕಟ್ಟಲು ಬಂದವರೇ ಸರ್ಕಾರದೊಳಗಿನ ಜನರನ್ನು ಎಳೆದುಕೊಂಡರು. ಆಮೇಲೆ ‘ಇಲ್ಲಿ ಸಾಮರ್ಥ್ಯವೇ ಇಲ್ಲ’ ಎಂದು ವರದಿ ಬರೆದರು. ಸುಮ್ನೆ ನಗಬೇಕು ಅನಿಸುತ್ತದೆ.

ಅಲ್ಲೇ ಚೆನ್ನಾಗಿ ನಡೆದದ್ದೂ ಇದೆ. 2002ರಲ್ಲಿ ವಿಶ್ವಬ್ಯಾಂಕಿನ ಕೈಕೆಳಗೆ ಒಂದು ನಿಧಿ ಮಾಡಿದರು. ಹಲವು ದೇಶಗಳ ದುಡ್ಡು ಅಲ್ಲಿ ಸೇರುತ್ತಿತ್ತು. ಅಫ್ಘನ್ ಸರ್ಕಾರ ಶಿಕ್ಷಕರಿಗೆ, ನೌಕರರಿಗೆ ತಾನೇ ಸಂಬಳ ಕೊಟ್ಟು ದಾಖಲೆ ತೋರಿಸಬೇಕು, ಪರಿಶೀಲಿಸಿದ ಮೇಲೆ ನಿಧಿ ಅದನ್ನು ತುಂಬಿಕೊಡಬೇಕು. ಬಿಲ್ಲು ಸರಿಯಿಲ್ಲದಿದ್ದರೆ ದುಡ್ಡಿಲ್ಲ. 2003ರಲ್ಲಿ ಇನ್ನೊಂದು ಯೋಜನೆ ಬಂತು. ಹಳ್ಳಿಯವರೇ ಒಂದು ಸಮಿತಿ ಆರಿಸಿ, ತಮಗೆ ಬಾವಿ ಬೇಕೋ ಮೋರಿ ಬೇಕೋ ತೀರ್ಮಾನಿಸಿದರೆ ಅನುದಾನ ಬರುತ್ತಿತ್ತು. ನಮ್ಮ ಗ್ರಾಮಸಭೆ ಕಾಗದದ ಮೇಲೆ ಹೇಗಿದೆಯೋ ಹಾಗೆ. 30,000ಕ್ಕೂ ಜಾಸ್ತಿ ಹಳ್ಳಿಗಳಿಗೆ ಅದು ಮುಟ್ಟಿತು, ಅದೂ ಅಲ್ಲಿನ ಸಚಿವಾಲಯದ ಮೂಲಕವೇ.

ಆದರೆ ಒಟ್ಟು ಲೆಕ್ಕದಲ್ಲಿ ಇವು ಸಣ್ಣ ಪಾಲು. ಅಮೆರಿಕವೊಂದೇ ಪುನರ್ನಿರ್ಮಾಣಕ್ಕೆ ಸುಮಾರು 14,500 ಕೋಟಿ ಡಾಲರ್ ಖರ್ಚು ಮಾಡಿತು. ಅರ್ಧಕ್ಕಿಂತ ಜಾಸ್ತಿ ಹೋದದ್ದು ಸೈನ್ಯಕ್ಕೆ, ಪೊಲೀಸರಿಗೆ. ಆ ಸೈನ್ಯದ ಹಾಜರಿ ಪುಸ್ತಕದಲ್ಲಿ ಇಲ್ಲದ ಸೈನಿಕರ ಹೆಸರುಗಳೂ ಇದ್ದವು. ಮಸ್ಟರ್ ರೋಲಿನಲ್ಲಿ ಬೋಗಸ್ ಹೆಸರು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಕೊನೆಕೊನೆಗೆ ಅಫ್ಘನ್ ಸರ್ಕಾರದ ಖರ್ಚಿನ ಮುಕ್ಕಾಲು ಪಾಲು ಹೊರಗಿನ ಅನುದಾನವಾಗಿತ್ತು. 2021ರ ಆಗಸ್ಟ್ 15ಕ್ಕೆ ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಅನುದಾನ ನಿಂತಿತು. ಡಾಕ್ಟರುಗಳಿಗೆ, ನರ್ಸುಗಳಿಗೆ ಸಂಬಳವಿಲ್ಲ. ಕೆಲವೇ ತಿಂಗಳಲ್ಲಿ ರೆಡ್ ಕ್ರಾಸ್ ಸಮಿತಿ ದೊಡ್ಡ ಆಸ್ಪತ್ರೆಗಳ ಸಿಬ್ಬಂದಿಗೆ ಸಂಬಳ ಕೊಡಬೇಕಾಯಿತು. 2022ರ ಶುರುವಿನಲ್ಲಿ ಯುನಿಸೆಫ್ ಶಿಕ್ಷಕರಿಗೆ ತಿಂಗಳಿಗೆ 100 ಡಾಲರ್‌ನಂತೆ ಎರಡು ತಿಂಗಳು ಕೊಟ್ಟಿತು. ಇಪ್ಪತ್ತು ವರ್ಷ ಸುತ್ತಿ ಬಂದು ನಿಂತದ್ದು ಮತ್ತೆ ಸಂಬಳದ ಪಟ್ಟಿಯ ಮುಂದೆಯೇ.

ಅದೇ ಹೊತ್ತಿಗೆ ನಮ್ಮ ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದ ಅಫ್ಘನ್ ವಿದ್ಯಾರ್ಥಿಗಳು ಊರಿಗೆ ಹೋಗಲೂ ಆಗದೆ, ವೀಸಾ ಮುಗಿದರೆ ಏನು ಎಂದು ತಿಳಿಯದೆ ಕೂತಿದ್ದರು. ಸರ್ಕಾರ ಕಟ್ಟುವುದು ಅಂದರೆ ಇಂಥವರನ್ನು ತಯಾರು ಮಾಡುವುದೂ ಹೌದು. ಭಾರತ 1964ರಿಂದ ಬೇರೆ ದೇಶಗಳ ಅಧಿಕಾರಿಗಳಿಗೆ ತರಬೇತಿ ಕೊಡುತ್ತಾ ಬಂದಿದೆ. ಫೋಟೋದಲ್ಲಿ ಬರದ ಕೆಲಸ ಇದು, ಹಾಗಾಗಿ ಯಾರೂ ಮಾತಾಡುವುದಿಲ್ಲ.

ಫೋಟೋದಲ್ಲಿ ಬರುವುದು ಚುನಾವಣೆ. ಅದರಲ್ಲಿ ಮೈಸೂರಿನ ಪಾಲೂ ಇದೆ. ಬನ್ನಿಮಂಟಪದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯನ್ನು ನಾಲ್ವಡಿಯವರು 1937ರಲ್ಲಿ ಶುರು ಮಾಡಿಸಿದರು. 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಅಲ್ಲಿಯದೇ. ನೇಪಾಳ, ಕಾಂಬೋಡಿಯಾ, ದಕ್ಷಿಣ ಆಫ್ರಿಕಾ ಸೇರಿ 25ಕ್ಕೂ ಜಾಸ್ತಿ ದೇಶಗಳಿಗೆ ಹೋಗಿದೆ. ಯುದ್ಧ ಮುಗಿಸಿದ ದೇಶದಲ್ಲಿ ಅಜ್ಜಿಯೊಬ್ಬಳು ಶಾಯಿ ಬೆರಳು ತೋರಿಸಿ ನಗುವ ಚಿತ್ರ ಎಲ್ಲ ಪತ್ರಿಕೆಯಲ್ಲೂ ಬರುತ್ತದೆ. ದುಡ್ಡು ಕೊಟ್ಟ ದೇಶಗಳಿಗೂ ಕೆಲಸ ಮುಗಿಯಿತು ಎಂಬ ಸಮಾಧಾನ.

ಆ ಬೆರಳಿನ ಹಿಂದೆ ಎಷ್ಟು ಗುಮಾಸ್ತಗಿರಿ ಇದೆ ಅಂತ 2004ರ ಅಕ್ಟೋಬರಿನಲ್ಲಿ ಅಫ್ಘಾನಿಸ್ತಾನದಲ್ಲಿ ಗೊತ್ತಾಯಿತು. ಕೆಲವು ಬೂತುಗಳಲ್ಲಿ ಶಾಯಿಯ ಪೆನ್ನಿನ ಬದಲು ಬೇರೆ ಪೆನ್ನು ಬಳಸಿ, ಗುರುತು ತೊಳೆದರೆ ಹೋಗುವಂತಾಯಿತು. ಕರ್ಜಾಯಿಯ ಎದುರಾಳಿಗಳು ಮಧ್ಯಾಹ್ನದೊಳಗೆ ಬಹಿಷ್ಕಾರ ಕೂಗಿದರು. ಆಮೇಲೆ ಹೊರಗಿನ ತಜ್ಞರ ಸಮಿತಿ ಕೂತು ಫಲಿತಾಂಶ ಉಳಿಸಬೇಕಾಯಿತು. ಬೂತಿನ ಸಿಬ್ಬಂದಿಗೆ ಇನ್ನೊಂದು ಗಂಟೆ ತರಬೇತಿ ಕೊಟ್ಟಿದ್ದರೆ ಇದು ತಪ್ಪುತ್ತಿತ್ತೇನೋ. ಹತ್ತು ವರ್ಷದ ಮೇಲೆ, 2014ರ ಜೂನ್‌ನಲ್ಲಿ, ಹೆರಾತ್ ಕಡೆ ಓಟು ಹಾಕಿ ಬರುತ್ತಿದ್ದ ಹನ್ನೊಂದು ಮಂದಿಯ ಶಾಯಿ ಬೆರಳನ್ನು ತಾಲಿಬಾನಿನವರು ಕತ್ತರಿಸಿದರು. ಬೆರಳಿಗೆ ಗುರುತು ಹಾಕಿದ ಸರ್ಕಾರಕ್ಕೆ ಆ ಬೆರಳನ್ನು ಕಾಯುವ ಪೊಲೀಸ್ ಠಾಣೆ ಇರಲಿಲ್ಲ.

ಭಾಷೆಯ ಮಾತೂ ಒಂದಿದೆ. ಪೂರ್ವ ಟಿಮೋರ್ 1999ರಲ್ಲಿ ಇಂಡೋನೇಷ್ಯಾದಿಂದ ಬೇರೆಯಾಗಲು ಓಟು ಹಾಕಿತು. ಅಧಿಕಾರಿಗಳಲ್ಲಿ ಬಹಳ ಜನ ಇಂಡೋನೇಷ್ಯಾದವರು. ಅವರು ಹೊರಟೇಹೋದರು, ಹೋಗುವ ಮುಂಚೆ ಊರುಗಳು ಸುಟ್ಟವು. ವಿಶ್ವಸಂಸ್ಥೆಯೇ 2002ರ ಮೇ 20ರವರೆಗೆ ದೇಶವನ್ನು ಆಳಿತು. ಹೊಸ ದೇಶ ಅಲ್ಲಿನ ಜನರ ಮಾತಾದ ಟೆಟುಮ್ ಜೊತೆಗೆ ಬಹಳ ಹಿಂದೆ ಆಳಿದವರ ಪೋರ್ಚುಗೀಸನ್ನು ಆಡಳಿತ ಭಾಷೆ ಮಾಡಿಕೊಂಡಿತು. ಓದಿದ ಯುವಕರಿಗೆ ಬರುತ್ತಿದ್ದದ್ದು ಇಂಡೋನೇಷ್ಯಾದ ಭಾಷೆ. ಕಾನೂನು ಒಂದು ಭಾಷೆಯಲ್ಲಿ, ವಕೀಲ ಇನ್ನೊಂದರಲ್ಲಿ, ಕಟಕಟೆಯಲ್ಲಿ ನಿಂತವನು ಮತ್ತೊಂದರಲ್ಲಿ. 1963ರಲ್ಲೇ ಆಡಳಿತ ಭಾಷೆಯ ಕಾಯ್ದೆ ಮಾಡಿಕೊಂಡೂ ಬ್ಯಾಂಕಿನ ಚಲನ್ ಮುಂದೆ ತಡವರಿಸುವ ನಮಗೆ ಇದರ ನೋವು ಸ್ವಲ್ಪ ಅರ್ಥವಾಗುತ್ತದೆ. 2006ರಲ್ಲಿ ಅಲ್ಲಿ ಸೈನಿಕರ ಜಗಳ ಬೀದಿಗೆ ಬಂದು, ಶಾಂತಿಪಡೆ ಮತ್ತೆ ಹೋಗಬೇಕಾಯಿತು.

ಹಾಗಾದರೆ ನಂಬಿಕೆಯಿಲ್ಲದ ಖಜಾನೆಗೆ ದುಡ್ಡು ಹಾಕುವುದು ಹೇಗೆ? ಲೈಬೀರಿಯಾ ಒಂದು ದಾರಿ ತೋರಿಸಿತು. 2003ರಲ್ಲಿ ಯುದ್ಧ ಮುಗಿದಾಗ ಅಲ್ಲಿ ಬಂದರು, ವಿಮಾನ ನಿಲ್ದಾಣ, ಅರಣ್ಯ ಎಲ್ಲದರ ಆದಾಯವೂ ಸೋರಿಹೋಗುತ್ತಿತ್ತು. 2005ರಲ್ಲಿ ಒಂದು ಒಪ್ಪಂದವಾಯಿತು. ಆ ಸಂಸ್ಥೆಗಳಲ್ಲಿ ಹೊರಗಿನ ಲೆಕ್ಕಾಧಿಕಾರಿ ಒಬ್ಬರು ಕೂರಬೇಕು, ಖರ್ಚಿಗೆ ಅವರದೂ ಲೈಬೀರಿಯಾದ ಅಧಿಕಾರಿಯದೂ ಇಬ್ಬರ ಸಹಿ ಬೇಕು. ನಮ್ಮ ಪಂಚಾಯಿತಿಯಲ್ಲಿ ಅಧ್ಯಕ್ಷರು ಮತ್ತು ಪಿಡಿಒ ಜಂಟಿ ಸಹಿ ಹಾಕುವ ಹಾಗೆ. ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು ಅಂತ ಕೂಗೆದ್ದಿತು. ಅದು ತಪ್ಪೂ ಅಲ್ಲ. ಆದರೆ ಕುರ್ಚಿ ಲೈಬೀರಿಯಾದವರದ್ದೇ, ಪುಸ್ತಕವೂ ಅವರದ್ದೇ. ಪಕ್ಕದಲ್ಲಿ ಇನ್ನೊಂದು ಕಚೇರಿ ಹುಟ್ಟಲಿಲ್ಲ. 2010ರ ಹೊತ್ತಿಗೆ ದೇಶದ ಹಳೇ ಸಾಲದ ಬಹುಪಾಲು ಮನ್ನಾ ಆಯಿತು. ಅದೇ ಲೈಬೀರಿಯಾದಲ್ಲಿ 2007ರಿಂದ 2016ರವರೆಗೆ ಭಾರತದ ಮಹಿಳಾ ಪೊಲೀಸ್ ತುಕಡಿ ಇತ್ತು. ವಿಶ್ವಸಂಸ್ಥೆಯ ಮೊದಲ ಪೂರ್ಣ ಮಹಿಳಾ ತುಕಡಿ ಅದು. ಒಂದು ತುಕಡಿ ಅಲ್ಲೇ ಒಂದು ವರ್ಷ ಇದ್ದು ಹೋಗುವುದು, ಇನ್ನೊಂದು ಬರುವುದು. ಒಂಬತ್ತು ವರ್ಷ ರಾತ್ರಿ ಗಸ್ತು ತಿರುಗಿದ್ದಷ್ಟೇ ಅಲ್ಲ, ಅಲ್ಲಿನ ಹೆಣ್ಣುಮಕ್ಕಳು ಪೊಲೀಸಿಗೆ ಸೇರುವುದೂ ಹೆಚ್ಚಾಯಿತು.

ಉಕ್ರೇನ್ ಬೇರೆ ಥರ. ಅಲ್ಲಿ ಯುದ್ಧದ ನಡುವೆಯೂ ಕಚೇರಿಗಳು ಮುಚ್ಚಲಿಲ್ಲ. 2022ರಿಂದ ವಿಶ್ವಬ್ಯಾಂಕಿನ ಮೂಲಕ ಬರುವ ದುಡ್ಡು ಶಿಕ್ಷಕರ, ನೌಕರರ ಸಂಬಳಕ್ಕೆ ಅಲ್ಲಿನ ಖಜಾನೆ ಮೂಲಕವೇ ಹೋಗುತ್ತಿದೆ. ಯುರೋಪ್ ಒಕ್ಕೂಟ 2024ರಿಂದ ನಾಲ್ಕು ವರ್ಷಕ್ಕೆ 5,000 ಕೋಟಿ ಯೂರೊ ಇಟ್ಟಿದೆ, ಸುಧಾರಣೆಯ ಒಂದೊಂದು ಮೆಟ್ಟಿಲು ಹತ್ತಿದಂತೆ ಕಂತು. 2025ರ ಜುಲೈನಲ್ಲಿ ಭ್ರಷ್ಟಾಚಾರ ತನಿಖೆ ಮಾಡುವ ಸಂಸ್ಥೆಗಳ ಕೈಕಟ್ಟುವ ಕಾನೂನು ಬಂದಾಗ ಜನ ಬೀದಿಗಿಳಿದರು. ಯುರೋಪ್ ಕೂಡ ಕಣ್ಣು ಕೆಂಪು ಮಾಡಿತು. ತಿಂಗಳು ಮುಗಿಯುವುದರೊಳಗೆ ಸರ್ಕಾರ ಕಾನೂನನ್ನು ತಿರುಗಿಸಿತು. ನನಗನಿಸುವುದು, ಬರೀ ದುಡ್ಡಿನ ಷರತ್ತು ಇದನ್ನು ಮಾಡುತ್ತಿರಲಿಲ್ಲ. ಬೀದಿಯಲ್ಲಿ ನಿಂತ ಜನರೂ ಅದೇ ಮಾತನ್ನು ಕೇಳುತ್ತಿದ್ದರು.

ಭಾರತದ ಲೆಕ್ಕವನ್ನೂ ಹೇಳಲೇಬೇಕು. ಅಫ್ಘಾನಿಸ್ತಾನದಲ್ಲಿ ನಾವು ಸುಮಾರು 300 ಕೋಟಿ ಡಾಲರ್ ಹಾಕಿದ್ದೇವೆ. 218 ಕಿಲೋಮೀಟರಿನ ಜರಂಜ್–ದೆಲಾರಾಮ್ ರಸ್ತೆ, ಹೆರಾತ್ ಕಡೆ 42 ಮೆಗಾವಾಟಿನ ಸಲ್ಮಾ ಅಣೆಕಟ್ಟೆ, ಕಾಬೂಲಿನ ಸಂಸತ್ ಭವನ. ಆ ಭವನ ಉದ್ಘಾಟನೆ ಆದದ್ದು 2015ರ ಡಿಸೆಂಬರ್ 25ಕ್ಕೆ. ಆರು ವರ್ಷವೂ ತುಂಬುವ ಮುಂಚೆ ಅಲ್ಲಿ ಕೂರುವ ಸಂಸತ್ತೇ ಇಲ್ಲವಾಯಿತು. ಅಣೆಕಟ್ಟೆ ಉಳಿಯಿತು. ಕೆಆರ್‌ಎಸ್ ನಾಲೆ ಕೆಳಗೆ ಬೆಳೆದ ಯಾರಿಗಾದರೂ ಇದರ ಗುಟ್ಟು ಗೊತ್ತು. ಮೇಲೆ ಯಾವ ಸರ್ಕಾರ ಬಂದರೂ ತೂಬು ಎತ್ತುವ ನೀರಗಂಟಿ ಬೇಕೇ ಬೇಕು. ಅವನನ್ನು ತೆಗೆಯಲು ಯಾರಿಗೂ ಧೈರ್ಯ ಬರುವುದಿಲ್ಲ.

ಮತ್ತೆ ಸಿರಿಯಾಕ್ಕೆ. ಅಲ್ಲಿನ ಅಧ್ಯಕ್ಷ ಬಶರ್ ಅಸಾದ್ 2024ರ ಡಿಸೆಂಬರ್ 8ರಂದು ಓಡಿಹೋದ. ಅಹ್ಮದ್ ಅಲ್ ಶರಾ ಅವರ ಹೊಸ ಆಡಳಿತ 2025ರ ಜನವರಿ ಕೊನೆಗೆ ಹಳೇ ಸೈನ್ಯವನ್ನೂ ಅಸಾದನ ಬಾತ್ ಪಕ್ಷವನ್ನೂ ವಿಸರ್ಜಿಸಿತು. ಇರಾಕಿನ ನೆನಪಾಗದೆ ಇರಲಿಲ್ಲ. ಮಾರ್ಚಿನಲ್ಲಿ ಕರಾವಳಿಯಲ್ಲಿ ಅಸಾದ್ ಸೇರಿದ್ದ ಅಲವಿ ಸಮುದಾಯದವರ ಮೇಲೆ ನಡೆದ ಕಗ್ಗೊಲೆ ಆ ಭಯವನ್ನು ಜಾಸ್ತಿಯೇ ಮಾಡಿತು. ಕತಾರಿನ ದುಡ್ಡಿಗೆ ಷರತ್ತು ಇತ್ತು. ಅದು ಆಸ್ಪತ್ರೆ, ಶಾಲೆ, ಸಮಾಜ ಕಲ್ಯಾಣದ ನೌಕರರಿಗೆ ಮತ್ತು ಸೈನ್ಯದವರಲ್ಲದ ಪಿಂಚಣಿದಾರರಿಗೆ ಮಾತ್ರ. ಒಟ್ಟು ಸಂಬಳದ ಐದನೇ ಒಂದು ಭಾಗಕ್ಕೆ ಸಾಕಾಗುವಷ್ಟು. ವಿಶ್ವಬ್ಯಾಂಕು ಜೂನ್‌ನಲ್ಲಿ ವಿದ್ಯುತ್ ತಂತಿ, ಉಪಕೇಂದ್ರಗಳ ರಿಪೇರಿಗೆ 14.6 ಕೋಟಿ ಡಾಲರ್ ಅನುದಾನ ಕೊಟ್ಟಿತು. ಅದೇ ತಿಂಗಳು ಶರಾ ನೌಕರರ ಸಂಬಳವನ್ನು ಶೇ 200ರಷ್ಟು ಏರಿಸಿದರು. ಅದಕ್ಕೆ ಮುಂಚೆ ತಿಂಗಳ ಸಂಬಳ ಹೊಟ್ಟೆಗೂ ಸಾಲದಂತಿತ್ತು.

ಇದರ ಜೊತೆಗೆ ಇನ್ನೊಂದು ಕೆಲಸವೂ ಶುರುವಾಗಿತ್ತು. ಹೊಸ ಆಡಳಿತದ ಮೊದಲ ಹಣಕಾಸು ಸಚಿವರು 2025ರ ಜನವರಿಯಲ್ಲಿ ಒಂದು ಲೆಕ್ಕ ಹೇಳಿದ್ದರು. ಸಂಬಳದ ಪಟ್ಟಿಯಲ್ಲಿ 13 ಲಕ್ಷ ಹೆಸರು ಇವೆ, ನಿಜವಾಗಿ ಕೆಲಸಕ್ಕೆ ಬರುವವರು 9 ಲಕ್ಷ. ಉಳಿದ 4 ಲಕ್ಷವನ್ನು ಹೊಡೆದುಹಾಕಬೇಕು ಎಂಬುದು ಯೋಚನೆ. ದುಡ್ಡು ಕೊಡುವವರಿಗೆ ಈ ಮಾತು ಕೇಳಲು ಹಿತ. ಬೋಗಸ್ ಹೆಸರು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಜರಿ ಪುಸ್ತಕ ಯಾರು ಬರಲಿಲ್ಲ ಅಂತ ಹೇಳುತ್ತದೆ, ಯಾಕೆ ಬರಲಿಲ್ಲ ಅಂತ ಹೇಳುವುದಿಲ್ಲ. ಪ್ರಾಣಭಯಕ್ಕೆ ಊರು ಬಿಟ್ಟವನು, ಬಸ್ ಚಾರ್ಜಿಗೂ ಸಾಲದ ಸಂಬಳಕ್ಕೆ ಬರುವುದು ಬಿಟ್ಟವನು, ಹೆಸರೇ ಸುಳ್ಳಾದವನು, ಮೂವರೂ ಒಂದೇ ಸಾಲಿನಲ್ಲಿರುತ್ತಾರೆ. ಕೆಂಪು ಬಟ್ಟೆಯ ಕಟ್ಟು ಯಾವ ರ್ಯಾಕಿನಲ್ಲಿದೆ ಅಂತ ಬಲ್ಲವನು ಅವರಲ್ಲಿ ಯಾರು ಎಂದು ಡಮಾಸ್ಕಸ್ಸಿನಲ್ಲಿ ಕೂತು ಪಟ್ಟಿ ನೋಡುವವರಿಗೆ ತಿಳಿಯುವುದಿಲ್ಲ. ಅದನ್ನು ಕೇಳಬೇಕಾದದ್ದು ಆ ಊರಿನ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತವರನ್ನು.